ಮನೆ ಖರೀದಿ ಮತ್ತು ವ್ಯಾಪಾರದ ಬಂಡವಾಳ

ಹುಬ್ಬಳ್ಳಿ-ಧಾರವಾಡದಂತಹ ನಗರಗಳಲ್ಲಿ ಮನೆ ಕೊಳ್ಳುವವರ ನಡುವಿನ ಪೈಪೋಟಿ ಸಾಧಾರಣವಾದುದು. ಒಳ್ಳೆಯ ಮನೆಗೆ ಇಬ್ಬರು ಮೂವರು ಗಿರಾಕಿಗಳಿದ್ದರೂ, ಕಾಗದಪತ್ರಗಳನ್ನು ಪರಿಶೀಲಿಸಲು ಕಾಲಾವಕಾಶ ದೊರೆಯುತ್ತದೆ. ಆದರೂ ವರ್ತಕ ಬಾಂಧವರು ಬೆಲೆಯೊಂದನ್ನೇ ಲೆಕ್ಕಹಾಕಿ ಸಂಚಕಾರ ಕೊಟ್ಟು, ಅನಂತರ ಅಂಗಡಿಯ ಬಂಡವಾಳಕ್ಕೆ ಕೈಹಾಕುವುದುಂಟು.

ಉದಾಹರಣೆಗೆ, 50 ಲಕ್ಷ ರೂಪಾಯಿಯ ಮನೆಯನ್ನು ಪರಿಗಣಿಸೋಣ. ರಿಸರ್ವ್ ಬ್ಯಾಂಕಿನ ನಿಯಮದನ್ವಯ 30 ಲಕ್ಷ ಮೀರಿದ, 75 ಲಕ್ಷದವರೆಗಿನ ಸಾಲವು ಮನೆಯ ಮೌಲ್ಯದ ಶೇ. 80ನ್ನು ದಾಟುವಂತಿಲ್ಲ. ಆದುದರಿಂದ 10 ಲಕ್ಷ ಸ್ವಂತದ್ದಾಗಬೇಕು. ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಉಪಕರ ಮತ್ತು ಅಧಿಭಾರ ಸೇರಿ ಇವು ಸುಮಾರು 3.8 ಲಕ್ಷವಾಗುತ್ತವೆ. ಈ ವೆಚ್ಚವನ್ನು ಮನೆಯ ಮೌಲ್ಯಕ್ಕೆ ಸೇರಿಸಿ ಸಾಲ ಪಡೆಯಲು ಅವಕಾಶವಿಲ್ಲ. ಅಂದರೆ ಕೈಯಲ್ಲಿ 13.8 ಲಕ್ಷ ಇರಲೇಬೇಕು.

ಸಂಚಕಾರಕ್ಕೆ ಮುನ್ನ ಋಣಭಾರ ಪತ್ರ ಹಾಗೂ ಇ-ಖಾತೆಯನ್ನು ಪರಿಶೀಲಿಸಬೇಕು. ನೋಂದಣಿಯಾಗದ ವ್ಯವಹಾರಗಳು ಋಣಭಾರ ಪತ್ರದಲ್ಲಿ ಕಾಣವು. ಆದುದರಿಂದ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡುವುದು ಅವಶ್ಯ. 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಸಂಚಕಾರವನ್ನು ನಗದಾಗಿ ಸ್ವೀಕರಿಸುವುದು ಆದಾಯ ತೆರಿಗೆ ಕಾನೂನಿನಂತೆ ನಿಷಿದ್ಧ; ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಮುಟ್ಟಿದರೆ, ಮಾರುವವರಿಗೆ ಸಲ್ಲುವ ಹಣದಿಂದ ಶೇ. 1ನ್ನು ಕಡಿತಗೊಳಿಸಿ ಸರಕಾರಕ್ಕೆ ತುಂಬುವ ಹೊಣೆ ಕೊಳ್ಳುವವರದೇ.

ಹಂಗಾಮಿನ ಖರೀದಿಗೆಂದು ಇರಿಸಿದ ಹಣವು ಗೋಡೆಗಳಲ್ಲಿ ಸೇರಿಹೋದರೆ, ವ್ಯಾಪಾರಕ್ಕಾಗಿ ದುಬಾರಿ ಬಡ್ಡಿಯ ಕೈಸಾಲ ಮಾಡಬೇಕಾದೀತು. ಆದುದರಿಂದ ಬಂಡವಾಳವನ್ನು ಮೊದಲು ಬೇರೆ ತೆಗೆದಿರಿಸಿ, ಉಳಿದ ಹಣಕ್ಕೆ ಎಟಕುವ ಮನೆಯನ್ನು ಅರಸುವುದು ಕ್ಷೇಮಕರ.