ಬಾಲಮನಸ್ಸಿನ ಆಘಾತವೂ ಶಾಲೆಯನ್ನು ನಡೆಸುವವರ ಶಿಕ್ಷಣವೂ: ಬಳ್ಳಾರಿ ಸೀಮೆಯನ್ನು ಕುರಿತು ಒಂದು ವಿಚಾರ

೨೦೦೯ನೆಯ ಇಸವಿಯ ಶಿಕ್ಷಣದ ಹಕ್ಕಿನ ಶಾಸನದ ೨೯ನೆಯ ಪ್ರಕರಣವು ಪಾಠಕ್ರಮವು ಹೇಗಿರಬೇಕೆಂಬುದನ್ನು ವಿಧಿಸುತ್ತದೆ. ಮಗುವು ಭಯ, ಆಘಾತ, ಆತಂಕ ಈ ಮೂರರಿಂದಲೂ ಬಿಡುಗಡೆ ಹೊಂದಿ ತನ್ನ ಮನಸ್ಸಿನಲ್ಲಿರುವುದನ್ನು ನಿಸ್ಸಂಕೋಚವಾಗಿ ಹೇಳುವಂತಾಗಬೇಕೆಂಬುದು ಅಲ್ಲಿ ಎಣಿಸಿರುವ ಅಂಶಗಳಲ್ಲೊಂದು. ಭಯವೆಂದರೇನೆಂದು ಯಾರಿಗೂ ಹೇಳಬೇಕಾದುದಿಲ್ಲ. ಆತಂಕವನ್ನೂ ಹೆಚ್ಚು ಕಡಮೆ ಎಲ್ಲರೂ ಬಲ್ಲರು. ನಡುವಿನ ಆಘಾತವೆಂಬ ಪದವು ಮಾತ್ರ ನಮ್ಮ ಉಪಾಧ್ಯಾಯರಲ್ಲಿ ಬಹುಮಂದಿಗೆ ಶಾಸನದ ಅಲಂಕಾರವಾಗಿ ತೋರುವುದೇ ಹೊರತು ಅರ್ಥವುಳ್ಳ ವಿಧಿಯಾಗಿ ತೋರುವುದಿಲ್ಲ. ಈಚೆಗೆ ಶಾಲೆಯ ಸಮಸ್ತ ಸಿಬ್ಬಂದಿಯೂ ಈ ವಿಷಯದಲ್ಲಿ ತರಬೇತನ್ನು ಪಡೆಯತಕ್ಕದ್ದೆಂಬ ನಿಯಮಗಳು ಬಂದಿರುವುದರಿಂದ, ಆ ಪದವೇನು, ಆ ನಿಯಮಗಳು ಯಾರನ್ನು ಮುಟ್ಟುತ್ತವೆ, ಯಾರನ್ನು ಬಿಡುತ್ತವೆ ಎಂಬುದನ್ನು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಪ್ರದೇಶವನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಪದದ ಮಾತು. ಆಂಗ್ಲ ಶಾಸನದಲ್ಲಿರುವುದು ‘ಟ್ರಾಮಾ’ ಎಂಬ ಶಬ್ದ. ಅದು ಗ್ರೀಕ್ ಭಾಷೆಯದು, ಗಾಯವೆಂದು ಅದರ ಅರ್ಥ. ನಮ್ಮ ‘ಆಘಾತ’ವಾದರೋ ಹೊಡೆತವೆಂಬ ಕ್ರಿಯೆಯನ್ನು ಹೇಳುತ್ತದೆ, ಹೊಡೆತದಿಂದಾದ ಹುಣ್ಣನ್ನಲ್ಲ. ‘ಗಾಯ’ವು ‘ಘಾತ’ದ ತದ್ಭವವೇ ಆದರೂ ಅದು ದೇಹಕ್ಕೆ ಮೀಸಲಾಗಿ ನಿಂತಿತು, ‘ಮನಸ್ಸು ಘಾಸಿಗೊಂಡಿತು’ ಎಂಬ ಆಡುಮಾತಿನ ಘಾಸಿಯು ಉದ್ದಿಷ್ಟಾರ್ಥಕ್ಕೆ ಹೆಚ್ಚು ಹತ್ತಿರವಾಗಿದೆಯೆಂದು ನನಗೆ ತೋರುತ್ತದೆ. ಸುಶ್ರುತನು ವ್ರಣಗಳನ್ನು ಶಾರೀರ, ಆಗಂತು ಎಂದು ಎರಡಾಗಿ ವಿಭಾಗಿಸುತ್ತಾನಷ್ಟೆ. ದೋಷಗಳ ಪ್ರಕೋಪದಿಂದ ಒಳಗಿನಿಂದಲೇ ಹುಟ್ಟುವುದು ಮೊದಲನೆಯದು. ಹೊರಗಿನಿಂದ ಬಂದು ಎರಗಿದುದರಿಂದ ಆಗುವುದು ಎರಡನೆಯದು. ಪ್ರಕೃತ ವಿಷಯವು ಮನಸ್ಸಿನ ಆಗಂತುವ್ರಣ. ಅವನೇ ಹೇಳುವ ಶಲ್ಯದ ವಿಚಾರವನ್ನೂ ಇಲ್ಲಿ ನೆನೆಯಬಹುದು: ಮೇಲಣ ಚರ್ಮವು ಕೂಡಿಕೊಂಡರೂ ಒಳಗೆ ಬಾಣದ ಮೊನೆ ಉಳಿದಿದ್ದರೆ ನೋವು ನಿಲ್ಲುವುದಿಲ್ಲ. ಮಗುವಿಗೆ ಉಂಟಾದ ಪ್ರತಿಯೊಂದು ದುಃಖವೂ ಆಘಾತವಲ್ಲ. ಸಹಿಸುವ ಶಕ್ತಿಯನ್ನು ಮೀರಿದ ಘಟನೆಯು ಮುಗಿದುಹೋದಮೇಲೂ ಮುಗಿಯದೆ, ದೇಹವೂ ಮನಸ್ಸೂ ಅದು ಇನ್ನೂ ನಡೆಯುತ್ತಿದೆಯೋ ಎಂಬಂತೆ ವರ್ತಿಸತೊಡಗಿದಾಗ ಅದು ಆಘಾತ. ಈ ಭೇದವನ್ನು ಬಿಟ್ಟು ಎಲ್ಲಕ್ಕೂ ಇದೇ ಪದವನ್ನು ಹಚ್ಚುವ ಚಾಳಿಯು ಈಗ ಪತ್ರಿಕೆಗಳಲ್ಲಿ ಬೆಳೆಯುತ್ತಿದೆ. ಅದರಿಂದ ಪದವೂ ಸವೆಯುತ್ತದೆ, ಮಗುವೂ ಮರೆಯಾಗುತ್ತದೆ.

ಉಪಾಧ್ಯಾಯನಿಗೆ ಈ ಜ್ಞಾನ ಏಕೆ ಬೇಕೆಂದರೆ, ಆಘಾತದ ಲಕ್ಷಣಗಳು ದುರ್ಗುಣಗಳ ವೇಷದಲ್ಲಿ ತರಗತಿಗೆ ಬರುತ್ತವೆ. ಬಾಗಿಲು ಬಡಿದ ಶಬ್ದಕ್ಕೆ ಬೆಚ್ಚುವ ಮಗುವನ್ನು ಪುಕ್ಕಲೆನ್ನುವೆವು. ರಾತ್ರಿ ನಿದ್ರೆಯಿಲ್ಲದೆ ಹಗಲಿನಲ್ಲಿ ತೂಕಡಿಸುವುದನ್ನು ಸೋಮಾರಿಯೆನ್ನುವೆವು. ಪ್ರಶ್ನೆಗೆ ಉತ್ತರಿಸದೆ ಕಲ್ಲಿನಂತೆ ನಿಂತುಬಿಡುವುದನ್ನು ಹಠಮಾರಿಯೆನ್ನುವೆವು. ಸಣ್ಣ ಮಾತಿಗೂ ಜಗಳಕ್ಕೆ ಬರುವುದನ್ನು ಪುಂಡನೆನ್ನುವೆವು. ಪದೇಪದೇ ಹೊಟ್ಟೆನೋವೆಂದು ಮನೆಗೆ ಹೋಗುವುದಂತೂ ಸುಳ್ಳುಗಾರನೆಂದೇ ಹೆಸರಾಗುತ್ತದೆ. ಅಪಾಯವನ್ನೇ ನಿರೀಕ್ಷಿಸುತ್ತಿರುವ ಮನಸ್ಸಿನಲ್ಲಿ ಅವಧಾನಕ್ಕೂ ಸ್ಮೃತಿಗೂ ಎಡೆ ಕಡಮೆ. ಆದಕಾರಣ ಪಾಠ ಹತ್ತುವುದಿಲ್ಲ. ಇಂಥ ಮಗುವನ್ನು ಗದರಿಸಿದರೆ ಹುಣ್ಣಿನ ಮೇಲೆಯೇ ಕೈಯಿಟ್ಟಂತಾಗುತ್ತದೆ.

ಶಾಲೆಯೇ ಗಾಯ ಮಾಡಿದ ಕಾಲವೂ ಈ ಸೀಮೆಯಲ್ಲಿ ಉಂಟು, ಅದಕ್ಕೆ ಬರೆಹದ ಆಧಾರವೂ ಉಂಟು. ಮದರಾಸಿನ ಗವರ್ನರಾಗಿದ್ದ ತಾಮಸ್ ಮನ್ರೋ ೧೮೨೨ರಲ್ಲಿ ದೇಶೀಯ ಶಾಲೆಗಳ ಸ್ಥಿತಿಯನ್ನು ವಿಚಾರಿಸುವಂತೆ ಆಜ್ಞಾಪಿಸಿದ ಮೇಲೆ, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು ೧೮೨೩ನೆಯ ಆಗಸ್ಟ್ ೧೭ರಂದು ರೆವಿನ್ಯೂ ಬೋರ್ಡಿಗೆ ಒಂದು ವರದಿಯನ್ನು ಕಳುಹಿಸಿದನು. (ತೆಲುಗಿಗೆ ವ್ಯಾಕರಣವನ್ನು ಬರೆದ ಕ್ಯಾಂಪ್‌ಬೆಲ್ಲನೂ ಇವನೇ.) ಆಗಿನ ವಿಸ್ತಾರವಾದ ಬಳ್ಳಾರಿ ಜಿಲ್ಲೆಯ ೯,೨೭,೮೫೭ ಜನಕ್ಕೆ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು, ಎಂದರೆ ಸಾವಿರಕ್ಕೆ ಏಳರಷ್ಟು. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವೂ ಸಂಸ್ಕೃತದವೂ ಇಪ್ಪತ್ತಮೂರಿಪ್ಪತ್ತಮೂರು, ಪಾರಸಿಯವು ೨೧, ತಮಿಳಿನವು ೪, ಆಂಗ್ಲದ್ದು ಒಂದು. ಈ ಅಂಕಿಗಳನ್ನು ನಮ್ಮ ಪೂರ್ವಿಕರ ವಿದ್ಯಾಪ್ರೇಮಕ್ಕೆ ಸಾಕ್ಷಿಯಾಗಿ ಉದಾಹರಿಸುವ ವಾಡಿಕೆಯಿದೆ. ಅದು ಸರಿಯೇ. ಆದರೆ ಅದೇ ವರದಿಯಲ್ಲಿ ದಿನಚರಿಯ ವರ್ಣನೆಯೂ ಇದೆ: ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಕೈಯಲ್ಲಿ ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಬಂದವರಿಗೆ ಒಂದೊಂದು ಹೆಚ್ಚು. ಮೈಗಳ್ಳನಾದವನನ್ನು ಎರಡು ಕೈಗಳನ್ನೂ ಕಟ್ಟಿ ರಾಟೆಯಿಂದ ಮಾಡಿಗೆ ತೂಗಿಬಿಡುವುದುಂಟೆಂದೂ, ಮಂಡಿಯೂರಿ ಎದ್ದು ಮತ್ತೆ ಮಂಡಿಯೂರುವಂತೆ ಬಿಡುವಿಲ್ಲದೆ ಮಾಡಿಸುವುದುಂಟೆಂದೂ ಬರೆದಿದ್ದಾನೆ. ನಮ್ಮ ಹಿರಿಯರು ಕೋದಂಡವೆನ್ನುತ್ತಿದ್ದುದು ಈ ತೂಗುಹಾಕುವಿಕೆಯನ್ನೇ. ಅಂಕಿಗಳನ್ನು ಉದ್ಧರಿಸುವವರು ರಾಟೆಯನ್ನು ಬಿಟ್ಟುಬಿಡುವುದು ವಿದ್ವತ್ತಿಗೆ ತಕ್ಕುದಲ್ಲ. ಸಂಸ್ಕೃತದಲ್ಲಿ ಕಲಿಯುವಿಕೆಯನ್ನು ಹೇಳುವ ‘ಶಿಕ್ಷಾ’ ಶಬ್ದವು ಕನ್ನಡಕ್ಕೆ ಬಂದು ‘ಶಿಕ್ಷೆ’ಯಾಗಿ ದಂಡನೆಗೆ ವಾಚಕವಾದುದು ಹೇಗೆಂಬುದಕ್ಕೆ ಬೇರೆ ವ್ಯಾಖ್ಯಾನವು ಬೇಕೆ? ಶಿಕ್ಷಣದ ಹಕ್ಕಿನ ಶಾಸನದ ೧೭ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಯಲ್ಲಿದೆ.

ಹೊರಗಿನಿಂದ ಬರುವ ಗಾಯಗಳೂ ಇಲ್ಲಿ ಕಡಮೆಯಲ್ಲ. ೨೦೦೯ರ ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ಣಾಟಕವನ್ನು ಮುಳುಗಿಸಿದ ಪ್ರವಾಹವು ಸಿರುಗುಪ್ಪ ತಾಲೂಕಿನ ತುಂಗಭದ್ರೆಯ ದಂಡೆಯ ಊರುಗಳನ್ನೂ ಬಿಡಲಿಲ್ಲ. ದೇವದಾಸಿ ಪದ್ಧತಿಯು ೧೯೮೨ರ ಶಾಸನದಿಂದ ನಿಷಿದ್ಧವಾಗಿದ್ದರೂ, ಆ ತಾಯಂದಿರ ಮಕ್ಕಳು ಶಾಲೆಯ ದಾಖಲೆ ಪುಸ್ತಕದಲ್ಲಿ ತಂದೆಯ ಹೆಸರಿನ ಅಂಕಣದ ಮುಂದೆ ತಲೆತಗ್ಗಿಸಿ ನಿಂತ ಅನುಭವವು ಬಳ್ಳಾರಿ ಸೀಮೆಗೆ ಹೊಸದಲ್ಲ. ೨೦೨೫ರಲ್ಲಿ ರಾಜ್ಯದ ವಿಧಾನಮಂಡಲವು ಈ ಮಕ್ಕಳ ಹಕ್ಕನ್ನು ಎತ್ತಿಹಿಡಿಯುವ ಹೊಸ ಮಸೂದೆಯನ್ನು ಅಂಗೀಕರಿಸಬೇಕಾಯಿತು. ಮೆಣಸಿನಕಾಯಿ, ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೆ ಹೋದ ಮಗು ಮತ್ತೆ ಶಾಲೆಗೆ ಬಂದಾಗ ಅದನ್ನು ಯಾರು ಹೇಗೆ ಬರಮಾಡಿಕೊಳ್ಳುತ್ತಾರೆಂಬುದೂ ಗಮನಾರ್ಹ. ಅಂಕಣದ ಮುಂದೆ ಹೆಸರನ್ನು ಗಟ್ಟಿಯಾಗಿ ಕೇಳುವ ಗುಮಾಸ್ತನಿಗೆ ದುರುದ್ದೇಶವಿರಬೇಕಾದುದಿಲ್ಲ. ತಿಳಿವಳಿಕೆಯಿಲ್ಲದಿರುವುದಷ್ಟೇ ಸಾಕು.

ಇನ್ನು ವಿಧಿಗಳು. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣೆಯ ೨೦೧೨ರ ಶಾಸನದ ಕೆಳಗೆ ೨೦೨೦ರಲ್ಲಿ ರಚಿತವಾದ ನಿಯಮಗಳಲ್ಲಿ ಮೂರನೆಯದು, ಮಕ್ಕಳೊಡನೆ ಸಂಪರ್ಕವುಳ್ಳ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ಮಕ್ಕಳ ಸುರಕ್ಷೆಯ ವಿಷಯದಲ್ಲಿ ಆಗಾಗ ತರಬೇತನ್ನು ಏರ್ಪಡಿಸತಕ್ಕದ್ದೆಂದು ಹೇಳುತ್ತದೆ. ಖಾಯಂ ನೌಕರರೆಂದೂ ಗುತ್ತಿಗೆಯವರೆಂದೂ ಅದರಲ್ಲಿ ಭೇದವಿಲ್ಲ. ೨೦೨೫ನೆಯ ಜುಲೈ ೨೫ರಂದು ಸರ್ವೋಚ್ಚ ನ್ಯಾಯಾಲಯವು, ವಿಶಾಖಪಟ್ಟಣದಲ್ಲಿ ತೀರಿಕೊಂಡ ಒಬ್ಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ, ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೂ ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟು, ತಕ್ಕ ಶಾಸನವು ಆಗುವ ವರೆಗೆ ಅವು ಕಟ್ಟುನಿಟ್ಟಾಗಿ ನಡೆಯತಕ್ಕದ್ದೆಂದಿತು. ಬೋಧಕರೂ ಬೋಧಕೇತರರೂ ವರ್ಷಕ್ಕೆ ಎರಡು ಸಲಕ್ಕೆ ಕಡಮೆಯಿಲ್ಲದೆ ಅರ್ಹ ಮನೋಚಿಕಿತ್ಸಕರಿಂದ ತರಬೇತಾಗಬೇಕು. ಮನಸ್ಸಿನ ಪ್ರಥಮ ಚಿಕಿತ್ಸೆ, ಅಪಾಯದ ಸೂಚನೆಗಳ ಗುರುತು, ತಕ್ಕವರಲ್ಲಿಗೆ ಕಳುಹಿಸುವ ಕ್ರಮ ಇವನ್ನು ಕಲಿಯಬೇಕು. ಮೃತ್ಯುಶೋಕಕ್ಕೂ ಆಘಾತಕ್ಕೂ ಒಳಗಾದ ಮಕ್ಕಳೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಅರಿಯಬೇಕು. ಅಡಿಗೆಯವಳೂ ಜವಾನನೂ ಇದರಲ್ಲಿ ಸೇರುವರು. ಇದು ಬಹಳ ಸರಿಯಾದುದು. ಮಕ್ಕಳು ಮುಖ್ಯೋಪಾಧ್ಯಾಯರಿಗೆ ಹೇಳದುದನ್ನು ಅಡಿಗೆಯವಳಿಗೆ ಹೇಳುತ್ತವೆ.

ಆದರೆ ಶಾಲೆಯ ಮೇಲೆ ಅಧಿಕಾರವುಳ್ಳ ಸಮಿತಿಯ ಸದಸ್ಯರು? ಕರ್ಣಾಟಕದಲ್ಲಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ೨೦೦೧ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟುವು. ೨೦೦೯ರ ಶಾಸನವೂ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧ ಪಾಲು ಹೆಂಗಸರೂ ಇರತಕ್ಕದ್ದೆಂದು ವಿಧಿಸಿದೆ. ಖಾಸಗಿ ಶಾಲೆಗಳಿಗೆ ಅವುಗಳ ಆಡಳಿತ ಮಂಡಲಿಗಳಿವೆ. ಇವರು ಸಿಬ್ಬಂದಿಯಲ್ಲ, ಆದುದರಿಂದ ಅಕ್ಷರಶಃ ನೋಡಿದರೆ ತರಬೇತಿನ ವಿಧಿಯು ಇವರನ್ನು ಮುಟ್ಟದು. ಕಾಗೆಗಳಿಂದ ಮೊಸರನ್ನು ಕಾಯೆಂದು ಹೇಳಿಸಿಕೊಂಡವನು ನಾಯಿ ಬಂದರೆ ಸುಮ್ಮನಿರತಕ್ಕದ್ದೆ ಎಂದು ನಮ್ಮ ಶಾಸ್ತ್ರಕಾರರು ಕೇಳುವರು: ಅಲ್ಲಿ ಕಾಗೆಯೆಂಬುದು ಮೊಸರನ್ನು ಕೆಡಿಸುವ ಎಲ್ಲಕ್ಕೂ ಉಪಲಕ್ಷಣ, ಏಕೆಂದರೆ ವಿಧಿಯ ತಾತ್ಪರ್ಯವು ಮೊಸರಿನ ರಕ್ಷಣೆಯಲ್ಲಿದೆ. ಹಾಗೆಯೇ ಮಗುವಿನ ರಕ್ಷಣೆಯಲ್ಲಿ ತಾತ್ಪರ್ಯವುಳ್ಳ ವಿಧಿಯಲ್ಲಿ ಸಿಬ್ಬಂದಿಯೆಂಬುದನ್ನು ಶಾಲೆಯನ್ನು ನಡೆಸುವ ಎಲ್ಲರಿಗೂ ಉಪಲಕ್ಷಣವೆಂದು ಗ್ರಹಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ. ನ್ಯಾಯಾಲಯಗಳು ಮೀಮಾಂಸೆಯನ್ನು ಅನುಸರಿಸಬೇಕೆಂಬ ಕಟ್ಟಳೆಯಿಲ್ಲವಾಗಿ, ಸ್ಪಷ್ಟವಾದ ನಿಯಮವೇ ಆಗುವುದು ಮೇಲು. ಅಮೆರಿಕಾದ ಇಲಿನಾಯ್ ಸಂಸ್ಥಾನದಲ್ಲಿ ಶಾಲಾಮಂಡಲಿಗೆ ಹೊಸದಾಗಿ ಬಂದ ಸದಸ್ಯರು ಮೊದಲ ವರ್ಷದೊಳಗೆ ಆಘಾತವಿಷಯಕ ತರಬೇತನ್ನು ಪಡೆಯಬೇಕೆಂದು ಶಾಸನವೇ ಆಗಿದೆ. ಅದಕ್ಕೆ ಕಾರಣವೂ ಸರಳವಾದುದು. ಮಗುವನ್ನು ಶಾಲೆಯಿಂದ ತೆಗೆಯಬೇಕೆ, ದೂರನ್ನು ಪೋಲೀಸಿಗೆ ಕೊಡಬೇಕೆ, ಊರಿನ ಮಾನಕ್ಕಂಜಿ ಮುಚ್ಚಬೇಕೆ ಎಂಬ ಮಾತು ಬಂದಾಗ ಉಪಾಧ್ಯಾಯನು ಮುಖ ನೋಡುವುದು ಸಮಿತಿಯ ಕಡೆಗೆ. ಅಪರಾಧವು ತಿಳಿದೂ ವರದಿ ಮಾಡದಿರುವುದು ೨೦೧೨ರ ಶಾಸನದ ಪ್ರಕಾರ ತಾನೇ ಅಪರಾಧವೆಂಬುದನ್ನು ಅಲ್ಲಿ ಕುಳಿತವರು ಅರಿತಿರಬೇಡವೆ?

ಕೂಲಿಮಾಡುವ ಪೋಷಕರಿಗೆ ಮನಶ್ಶಾಸ್ತ್ರವನ್ನು ಕಲಿಸುವುದು ಆಗುವ ಹೋಗುವ ಮಾತಲ್ಲವೆಂದು ಕೆಲವರು ಹೇಳುವರು. ಇದಕ್ಕೆ ಉತ್ತರವು ಬಳ್ಳಾರಿಯಲ್ಲಿಯೇ ಇದೆ. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿದ ಮೇಲೆ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆರಿಸಿಕೊಂಡುದು ಬಳ್ಳಾರಿಯನ್ನು. ೧೯೮೫ರಿಂದ ೧೯೯೦ರ ವರೆಗೆ ಈ ಪ್ರಯೋಗವು ನಡೆಯಿತು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಮೊದಲೇ ದೊರೆತಿದ್ದ ಅನುಭವದ ಮೇಲೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತನ್ನು ಕೊಟ್ಟು, ಚಿತ್ತಭ್ರಮಣೆ, ಮೂರ್ಛೆರೋಗ ಮೊದಲಾದುವನ್ನು ಗುರುತಿಸಿ ಊರಿನಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿದರು. ಮನೋವೈದ್ಯರೇ ಬೇಕು, ಆಸ್ಪತ್ರೆಯೇ ಬೇಕು ಎಂಬ ನಂಬಿಕೆಯು ಅಲ್ಲಿ ಮುರಿಯಿತು. ‘ಬಳ್ಳಾರಿ ಮಾದರಿ’ಯೆಂದೇ ಹೆಸರಾದ ಈ ಪ್ರಯೋಗದ ಅಡಿಪಾಯದ ಮೇಲೆ ೧೯೯೬ರಲ್ಲಿ ಭಾರತ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ನಿಂತಿತು. ಮಕ್ಕಳ ಆಘಾತವು ಅದರ ಮುಖ್ಯ ಲಕ್ಷ್ಯವಾಗಿರಲಿಲ್ಲವೆಂಬುದು ನಿಜ. ಆದರೆ ಗುರುತಿಸಬಲ್ಲವನು, ಸಮಾಧಾನ ಹೇಳಬಲ್ಲವನು, ಕಳುಹಿಸಬೇಕಾದಲ್ಲಿಗೆ ಕಳುಹಿಸಬಲ್ಲವನು ಪರಿಣತನೇ ಆಗಿರಬೇಕಾದುದಿಲ್ಲವೆಂಬ ತತ್ತ್ವವು ಎರಡಕ್ಕೂ ಸಮಾನ.

ಆ ಪ್ರಯೋಗದಿಂದ ಕಲಿಯಬೇಕಾದ ಇನ್ನೊಂದು ಅಂಶವನ್ನು ಈಗಿನ ಆಜ್ಞೆಗಳು ಮರೆತಂತಿವೆ. ತರಬೇತೊಂದೇ ಅಲ್ಲಿ ಕೆಲಸ ಮಾಡಲಿಲ್ಲ. ಔಷಧದ ಸರಬರಾಯಿ, ಸರಳವಾದ ದಾಖಲೆ, ಮೇಲಿನಿಂದ ಕ್ರಮವಾದ ವಿಚಾರಣೆ ಇವು ಅದರ ಬೆನ್ನಿಗಿದ್ದುವು. ವರ್ಷಕ್ಕೆರಡು ಸಲ ಒಂದು ಸಭಾಂಗಣದಲ್ಲಿ ಚಿತ್ರಗಳನ್ನು ತೋರಿಸಿ ಹಾಜರಿ ಸಹಿ ಹಾಕಿಸಿ ಕಳುಹಿಸಿದರೆ, ಮಂತ್ರವಿಲ್ಲದ ಕರ್ಮದಂತೆ ಅದು ವ್ಯರ್ಥ. ಸಿರುಗುಪ್ಪದ ಒಂದು ಶಾಲೆಯಲ್ಲಿ ಆಘಾತಗೊಂಡ ಮಗುವನ್ನು ಗುರುತಿಸಿದ ಮೇಲೆ ಮಾರನೆಯ ದಿನ ಎಲ್ಲಿಗೆ, ಯಾರ ಬಳಿಗೆ, ಯಾರ ಖರ್ಚಿನಲ್ಲಿ ಕಳುಹಿಸಬೇಕೆಂಬುದು ಸಮಿತಿಗೆ ತಿಳಿದಿರಬೇಕು. ಮಕ್ಕಳ ಸಹಾಯವಾಣಿ ೧೦೯೮, ೨೦೨೨ರಲ್ಲಿ ಪ್ರಾರಂಭವಾದ ಟೆಲಿ ಮಾನಸದ ೧೪೪೧೬ ಈ ಎರಡು ಸಂಖ್ಯೆಗಳಾದರೂ ಗೋಡೆಯ ಮೇಲಿರಬೇಕು.

ಸಮಿತಿಯವರಿಗೆ ಕಲಿಸಬೇಕಾದುದು ಹೆಚ್ಚಿಲ್ಲ. ನಡೆದುದನ್ನು ಮಗುವಿನ ಬಾಯಿಂದ ಬಲವಂತವಾಗಿ ಹೊರಡಿಸಕೂಡದು. ಹೇಳಿದುದನ್ನು ಅಡ್ಡಬಾರದೆ ಕೇಳಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಕೂಡದು, ಏಕೆಂದರೆ ಶಾಸನವು ಆ ಮಾತನ್ನು ಉಳಿಸಿಕೊಳ್ಳಗೊಡದು. ಸಮಿತಿಯ ಸಭೆಯಲ್ಲಿ ಮಗುವಿನ ಹೆಸರೆತ್ತಿ ಚರ್ಚಿಸಕೂಡದು. ಕೊನೆಯದೇ ಕಷ್ಟವಾದುದು. ಸಣ್ಣ ಊರಿನಲ್ಲಿ ಸದಸ್ಯನು ನೆರೆಯವನೂ ಆಗಿರುತ್ತಾನೆ, ಎಷ್ಟೋ ವೇಳೆ ಆಪಾದಿತನ ನೆಂಟನೂ ಆಗಿರುತ್ತಾನೆ. ಅಂಥವನು ಆ ವಿಚಾರದಿಂದ ಹೊರಗಿರತಕ್ಕದ್ದೆಂದು ಮೊದಲೇ ಬರೆದಿಡಬೇಕು.

ಇವೆಲ್ಲವೂ ಯಾವ ಭಾಷೆಯಲ್ಲಿ? ೧೮೨೩ರಲ್ಲಿ ಕನ್ನಡ ಶಾಲೆಗಳೂ ತೆಲುಗು ಶಾಲೆಗಳೂ ಸರಿಸಮನಾಗಿದ್ದ ಸೀಮೆಯಿದು. ಇಂದಿಗೂ ಇಲ್ಲಿಯ ಮನೆಗಳಲ್ಲಿ ಕನ್ನಡದೊಡನೆ ತೆಲುಗು, ಉರ್ದು, ಲಂಬಾಣಿಗಳು ನಡೆಯುತ್ತವೆ. ಮಗು ನೋವನ್ನು ಹೇಳುವುದು ಮನೆಯ ಮಾತಿನಲ್ಲಿ. ಆಂಗ್ಲ ಪುಸ್ತಕಗಳಿಂದ ಪದಕ್ಕೆ ಪದವಿಟ್ಟು ಮಾಡಿದ ಕೈಪಿಡಿಗಳು ಕುರುಗೋಡಿನ ಒಬ್ಬ ತಾಯಿಗೆ ಏನನ್ನೂ ತಿಳಿಸಲಾರವು. ಬೆಚ್ಚು, ಕನವರಿಸು, ಮಂಕಾಗು, ಮೈಮರೆ, ಎದೆ ಹಾರು, ಘಾಸಿಗೊಳ್ಳು ಮೊದಲಾಗಿ ಈ ಲಕ್ಷಣಗಳನ್ನು ಹೇಳುವ ಮಾತುಗಳು ಜನರ ಬಾಯಲ್ಲಿ ಧಾರಾಳವಾಗಿವೆ. ಇವನ್ನು ಮೂರು ತಾಲೂಕುಗಳ ಆಡುಮಾತಿನಿಂದ ಕೂಡಿಸಿ, ವೈದ್ಯರ ಲಕ್ಷಣಪಟ್ಟಿಯೊಡನೆ ಸಮನ್ವಯಮಾಡಿ ಒಂದು ಸಣ್ಣ ಪದಕೋಶವನ್ನು ಸಿದ್ಧಪಡಿಸುವುದು ಕನ್ನಡ ಉಪಾಧ್ಯಾಯರಿಂದಲ್ಲದೆ ಬೇರೆಯವರಿಂದ ಆಗತಕ್ಕ ಕೆಲಸವಲ್ಲ; ಬಳ್ಳಾರಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ನೆರವನ್ನು ಕೇಳಿ ಇದನ್ನು ಒಂದು ಬೇಸಗೆಯ ರಜೆಯಲ್ಲಿ ಪ್ರಾರಂಭಿಸಬಹುದಾಗಿದೆ.