ಚಕ್ರವರ್ತಿಗಿಂತ ಚಪ್ಪಾಳೆ ತಟ್ಟಿದವರೇ ಮುಖ್ಯ

ರೋಮ್‌ನ ಚಕ್ರವರ್ತಿ ನೀರೋ ವೇದಿಕೆ ಹತ್ತಿ ಹಾಡೋಕೆ ಶುರು ಮಾಡಿದರೆ ಯಾರೂ ಎದ್ದು ಹೋಗುವಂತಿರಲಿಲ್ಲ. ಚಪ್ಪಾಳೆ ತಟ್ಟುವುದಕ್ಕೆಂದೇ 5,000ಕ್ಕೂ ಹೆಚ್ಚು ಯುವಕರ ಪಡೆ ಇತ್ತು. ಅವರಿಗೆ ಬಗೆಬಗೆಯ ಚಪ್ಪಾಳೆಯ ತರಬೇತಿ. ಒಂದು ಬಗೆ ಜೇನ್ನೊಣಗಳ ಗುಂಯ್‌ಗುಟ್ಟುವಿಕೆಯಂತೆ, ಇನ್ನೆರಡಕ್ಕೆ ಹೆಂಚು, ಇಟ್ಟಿಗೆಗಳ ಹೆಸರು. ಹಾಡು ಕೇಳಿ ಕೇಳಿ ಸಾಕಾದ ಕೆಲವರು ಸತ್ತವರಂತೆ ನಟಿಸಿ, ಹೆಣದ ಹಾಗೆ ಹೊರಗೆ ಹೊರಿಸಿಕೊಂಡು ಹೋಗ್ತಿದ್ರಂತೆ!

ಇದನ್ನು ಬರೆದಿಟ್ಟವನು ಸುಯೆಟೋನಿಯಸ್. ನೀರೋ ಸತ್ತು ಸುಮಾರು ಐವತ್ತು ವರ್ಷಗಳ ನಂತರ ಇನ್ನೊಬ್ಬ ಚಕ್ರವರ್ತಿಯ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಗಾಳಿಸುದ್ದಿ ಅಂದ್ರೆ ಅವನಿಗೆ ತುಂಬಾ ಇಷ್ಟ, ಹಾಗಾಗಿ ಉಪ್ಪು ಖಾರ ಒಂಚೂರು ಜಾಸ್ತಿ ಬಿದ್ದಿರಬಹುದು. ಆದರೆ ರೋಮ್ ಬಗ್ಗೆ ನಾನು ಓದಿದ ಕಾದಂಬರಿ, ನಾಟಕ, ನೋಡಿದ ಸಿನಿಮಾಗಳಲ್ಲೆಲ್ಲ ನನ್ನ ಕಣ್ಣು ಕೊನೆಗೆ ನಿಲ್ಲೋದು ಇಂಥವರ ಮೇಲೇ. ಹುಚ್ಚು ದೊರೆ ಒಬ್ಬನೇ. ಆ ಹುಚ್ಚು ನಡೆಯೋಕೆ ಸಾವಿರಾರು ಜನರ ಚಪ್ಪಾಳೆ ಬೇಕು.

ಅರಸ ಅನ್ನಬೇಡಿ, ಆದರೆ ಕೈಮುಗಿಯಿರಿ

ರೋಮನ್ನರಿಗೆ 'ಅರಸ' ಅನ್ನೋ ಪದವೇ ಬೈಗುಳದ ಹಾಗಿತ್ತು. ಅರಸರನ್ನು ಓಡಿಸಿ ಗಣರಾಜ್ಯ ಕಟ್ಟಿದವರು ನಾವು ಅನ್ನೋ ಹೆಮ್ಮೆ ಅವರದು. ಅರಸನಾಗೋಕೆ ಹೊರಟಿದ್ದಾನೆ ಎಂಬ ಭಯಕ್ಕೇ ಕ್ರಿ.ಪೂ. 44ರ ಮಾರ್ಚ್ 15ರಂದು ಜೂಲಿಯಸ್ ಸೀಸರ್‌ನನ್ನು ಇರಿದು ಕೊಂದರು.

ಅವನ ದತ್ತುಮಗ ಅಗಸ್ಟಸ್ ಇದರಿಂದ ಪಾಠ ಕಲಿತ. ಕ್ರಿ.ಪೂ. 27ರಲ್ಲಿ 'ಅಧಿಕಾರವನ್ನೆಲ್ಲ ವಾಪಸ್ ಕೊಡ್ತೀನಿ' ಅಂತ ಘೋಷಿಸಿದ. ಸೆನೆಟ್ ಅದರಲ್ಲಿ ಮುಖ್ಯವಾದದ್ದನ್ನೆಲ್ಲ ಅವನ ಕೈಗೇ ಮತ್ತೆ ಒಪ್ಪಿಸಿತು. ಸೈನ್ಯ ಅವನದೇ, ಮಾತೂ ಅವನದೇ. ಆದರೆ ತನ್ನನ್ನು ಅವನು ಕರೆದುಕೊಂಡದ್ದು 'ಮೊದಲ ಪ್ರಜೆ' ಅಂತ. ಇದು ನಾಟಕ ಅಂತ ಸೆನೆಟರ್‌ಗಳಿಗೆ ಗೊತ್ತು. ಅವರಿಗೆ ಗೊತ್ತು ಅಂತ ಅವನಿಗೂ ಗೊತ್ತು. ಕ್ರಿ.ಶ. 14ರಲ್ಲಿ ಸಾಯುವ ಹೊತ್ತಿಗೆ ಗೆಳೆಯರನ್ನು ಕರೆದು, ಬದುಕೆಂಬ ಪ್ರಹಸನದಲ್ಲಿ ನನ್ನ ಪಾತ್ರ ಚೆನ್ನಾಗಿ ಮಾಡಿದೆನಾ ಅಂತ ಕೇಳಿದನಂತೆ.

ನಾಟಕಕಾರರಿಗೆ ರೋಮ್ ಯಾಕೆ ಇಷ್ಟ ಅನ್ನೋದಕ್ಕೆ ನನಗೆ ಇಲ್ಲೇ ಉತ್ತರ ಸಿಗುತ್ತೆ. ಅಲ್ಲಿ ಅಧಿಕಾರವೇ ಒಂದು ನಾಟಕ. ಎಲ್ಲರೂ ಪಾತ್ರಧಾರಿಗಳು.

ಸೀಸರ್ ಸತ್ತ ಮೇಲೆ

1599ರಲ್ಲಿ ಶೇಕ್ಸ್‌ಪಿಯರ್ ಬರೆದ 'ಜೂಲಿಯಸ್ ಸೀಸರ್' ಐದು ಅಂಕಗಳ ನಾಟಕ. ಸೀಸರ್ ಸಾಯೋದು ಮೂರನೇ ಅಂಕದ ಶುರುವಿನಲ್ಲೇ. ನಾಟಕದ ಹೆಸರು ಹೊತ್ತವನೇ ಅರ್ಧದಲ್ಲಿ ಹೋದ ಮೇಲೆ ಉಳಿದದ್ದು ಏನು? ಜನ. ಬ್ರೂಟಸ್ ಭಾಷಣ ಮಾಡಿ, ಸ್ವಾತಂತ್ರ್ಯಕ್ಕಾಗಿ ಕೊಂದೆ ಅಂತಾನೆ. ಜನ ಒಪ್ಪಿ ಜೈಕಾರ ಹಾಕ್ತಾರೆ. ಆ ಗುಂಪಿನಲ್ಲೊಬ್ಬ ಬ್ರೂಟಸ್‌ನನ್ನೇ ಸೀಸರ್ ಮಾಡೋಣ ಅಂತ ಕೂಗ್ತಾನೆ! ಸ್ವಲ್ಪ ಹೊತ್ತಿಗೆ ಆಂಟನಿ ಮಾತಾಡಿದಾಗ ಅದೇ ಜನ ಬ್ರೂಟಸ್‌ನ ಮನೆ ಸುಡೋಕೆ ಹೊರಡ್ತಾರೆ. ಒಬ್ಬ ಸೀಸರ್‌ನನ್ನು ಕೊಂದರೂ ಸೀಸರ್ ಬೇಕೆನ್ನುವ ಬಯಕೆ ಸಾಯೋದಿಲ್ಲ ಅನ್ನೋದು ಆ ಒಂದು ಕೂಗಿನಲ್ಲಿದೆ.

ಈ ನಾಟಕ ಎಲ್ಲೆಲ್ಲಿಗೆ ಹೋಯಿತು ನೋಡಿ. 1937ರಲ್ಲಿ ನ್ಯೂಯಾರ್ಕ್‌ನಲ್ಲಿ ಆರ್ಸನ್ ವೆಲ್ಸ್ ಪಾತ್ರಗಳಿಗೆ ಫ್ಯಾಸಿಸ್ಟ್ ಸಮವಸ್ತ್ರ ತೊಡಿಸಿ ಆಡಿಸಿದ. ಮುಸೊಲಿನಿ, ಹಿಟ್ಲರ್ ಆಳುತ್ತಿದ್ದ ಕಾಲ, ಪ್ರೇಕ್ಷಕರಿಗೆ ವಿವರಣೆ ಬೇಕಾಗಲಿಲ್ಲ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಸನ್ನಿ ವೆಂಕಟರತ್ನಂ ಎಂಬ ಕೈದಿಯ ಬಳಿ ಶೇಕ್ಸ್‌ಪಿಯರ್‌ನ ಸಮಗ್ರ ಸಂಪುಟವಿತ್ತು. ಕಾವಲುಗಾರರು ಕಿತ್ತುಕೊಳ್ಳದಿರಲಿ ಅಂತ ಅದಕ್ಕೆ ದೀಪಾವಳಿ ಶುಭಾಶಯ ಪತ್ರಗಳನ್ನು ಅಂಟಿಸಿ ಧರ್ಮಗ್ರಂಥದಂತೆ ಕಾಣಿಸಿದ್ದರು. ಆ ಪುಸ್ತಕ ಕೈಯಿಂದ ಕೈಗೆ ಹೋಯಿತು, ಮೂವತ್ತಕ್ಕೂ ಹೆಚ್ಚು ಕೈದಿಗಳು ತಮಗಿಷ್ಟವಾದ ಸಾಲಿನ ಪಕ್ಕ ಸಹಿ ಹಾಕಿದರು. ನೆಲ್ಸನ್ ಮಂಡೇಲಾ 1977ರ ಡಿಸೆಂಬರ್ 16ರಂದು ಸಹಿ ಹಾಕಿದ್ದು 'ಜೂಲಿಯಸ್ ಸೀಸರ್' ನಾಟಕದಲ್ಲಿ, ಹೇಡಿಗಳ ಸಾವಿನ ಬಗ್ಗೆ ಸೀಸರ್ ಆಡುವ ಮಾತಿನ ಪಕ್ಕದಲ್ಲಿ.

ಊಟದ ಮೇಜಿನ ನಗು

ಕ್ಯಾಲಿಗುಲ ಚಕ್ರವರ್ತಿಯಾದಾಗ ಇಪ್ಪತ್ನಾಲ್ಕು ವರ್ಷ, ಕೊಲೆಯಾದಾಗ ಇಪ್ಪತ್ತೆಂಟು. ಕುದುರೆಯನ್ನು ಕಾನ್ಸುಲ್ ಮಾಡಿದ ಅಂತ ಎಲ್ಲರೂ ಹೇಳೋ ಕಥೆ ಇವನದೇ. ಸುಯೆಟೋನಿಯಸ್ ಬರೆದಿರೋದು ಮಾತ್ರ 'ಮಾಡುವ ಯೋಚನೆ ಇತ್ತಂತೆ' ಅಂತ ಅಷ್ಟೇ.

ನನ್ನನ್ನು ಕಾಡೋದು ತತ್ವಜ್ಞಾನಿ ಸೆನೆಕ ಬರೆದಿಟ್ಟ ಇನ್ನೊಂದು ಪ್ರಸಂಗ. ಪಾಸ್ಟರ್ ಎಂಬುವನ ಮಗನನ್ನು ಕ್ಯಾಲಿಗುಲ ಕೊಲ್ಲಿಸುತ್ತಾನೆ, ಅದೇ ದಿನ ಅಪ್ಪನನ್ನು ಊಟಕ್ಕೆ ಕರೆಯುತ್ತಾನೆ. ಅಪ್ಪ ಬರುತ್ತಾನೆ. ಮುಖದಲ್ಲಿ ಏನೂ ತೋರಿಸದೆ ಕುಡಿಯುತ್ತಾನೆ, ಖುಷಿಯಾಗಿರುವಂತೆ ನಟಿಸುತ್ತಾನೆ. ಯಾಕೆ ಅಂತ ಕೇಳಿದರೆ ಸೆನೆಕನ ಉತ್ತರ ಚಿಕ್ಕದು: ಅವನಿಗೆ ಇನ್ನೊಬ್ಬ ಮಗ ಇದ್ದ.

ಆಲ್ಬರ್ಟ್ ಕಮೂ 1944ರಲ್ಲಿ ಪ್ರಕಟಿಸಿದ 'ಕ್ಯಾಲಿಗುಲ' ನಾಟಕದಲ್ಲೂ ಇಂಥದೇ ಊಟದ ದೃಶ್ಯ ಇದೆ. ಮಗನನ್ನು ಕಳೆದುಕೊಂಡ ಅಪ್ಪನೂ ಸೇರಿ ಎಲ್ಲರೂ ದೊರೆ ಹೇಳಿದಾಗ ನಗಬೇಕು. ನಗ್ತಾರೆ. ಜನ ಎಲ್ಲಿವರೆಗೆ ನಟಿಸಿಯಾರು ಅಂತ ನೋಡ್ತಾ ನೋಡ್ತಾ ಅವನ ಕ್ರೌರ್ಯ ಬೆಳೆಯುತ್ತೆ.

ಕನ್ನಡದಲ್ಲಿ ಇದನ್ನು ಓದುವಾಗ ಗಿರೀಶ ಕಾರ್ನಾಡರ 'ತುಘಲಕ್' ನೆನಪಾಗದೆ ಇರೋದಿಲ್ಲ. 1964ರ ಆ ನಾಟಕವನ್ನು ವಿಮರ್ಶಕರು ಕಮೂನ ನಾಟಕದ ಪಕ್ಕದಲ್ಲಿಟ್ಟು ನೋಡುತ್ತಲೇ ಬಂದಿದ್ದಾರೆ. ಎರಡರಲ್ಲೂ ಬುದ್ಧಿವಂತ ದೊರೆ, ತನ್ನ ತರ್ಕವನ್ನು ಕೊನೆಯವರೆಗೆ ಎಳೆಯುವ ಹಟ, ಸುತ್ತ ಹೆಣಗಳು. ಕ್ಯಾಲಿಗುಲನನ್ನು ಸುತ್ತಲಿದ್ದವರೇ ಕೊಲ್ಲುತ್ತಾರೆ. ತುಘಲಕ್‌ನನ್ನು ಇತಿಹಾಸಕಾರ ಬರನಿಯೂ ಬಿಟ್ಟು ಹೊರಡುತ್ತಾನೆ, ಸುಲ್ತಾನ ಸಿಂಹಾಸನದ ಮೇಲೆ ಒಬ್ಬನೇ ಉಳಿಯುತ್ತಾನೆ.

ಡೆಡ್‌ಲೈನ್ ಆಗೋದಿಲ್ಲ ಅಂತ ಎಲ್ಲರಿಗೂ ಗೊತ್ತಿದ್ದೂ ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸುವಾಗ ನನಗೆ ಆ ಊಟದ ಮೇಜು ನೆನಪಾಗೋದುಂಟು. ಹೋಲಿಕೆ ಅತಿಯಾಯ್ತು, ಒಪ್ಪಿದೆ. ಅಲ್ಲಿ ತಲೆಯೇ ಹೋಗ್ತಿತ್ತು, ನಮಗೆ ಹೆಚ್ಚೆಂದರೆ ಅಪ್ರೈಸಲ್.

ಪರದೆ ಹಿಂದಿನವನು

ಕ್ರಿ.ಶ. 41ರಲ್ಲಿ ಕ್ಯಾಲಿಗುಲನ ಕೊಲೆಯಾದಾಗ ಅವನ ಚಿಕ್ಕಪ್ಪ ಕ್ಲಾಡಿಯಸ್ ಹೆದರಿ ಪರದೆಯ ಹಿಂದೆ ಅಡಗಿದ್ದ. ಕುಂಟು, ತೊದಲು ಮಾತು, ಮನೆಯವರ ಪಾಲಿಗೆ ದಡ್ಡ. ಅವನನ್ನು ಹಿಡಿದ ಸೈನಿಕ ಕೊಲ್ಲಲಿಲ್ಲ. ಅರಮನೆಯ ಕಾವಲುಪಡೆ ಅವನನ್ನೇ ಚಕ್ರವರ್ತಿ ಅಂತ ಘೋಷಿಸಿತು, ತಲೆಗೆ 15,000 ಸೆಸ್ಟರ್ಸ್ ನಾಣ್ಯಗಳ ಭರವಸೆಯನ್ನೂ ಪಡೆಯಿತು.

ರಾಬರ್ಟ್ ಗ್ರೇವ್ಸ್ ಬರೆದ 'ಐ, ಕ್ಲಾಡಿಯಸ್' (1934) ಇವನೇ ಹೇಳುವ ಕಥೆ. ದಡ್ಡನ ವೇಷದಿಂದಲೇ ಬದುಕುಳಿದ ಬುದ್ಧಿವಂತನಾಗಿ ಅವನು ಅಲ್ಲಿ ಕಾಣ್ತಾನೆ. ನಿಜವಾದ ಕ್ಲಾಡಿಯಸ್ ಕೂಡ ಎಂಟು ಭಾಗಗಳ ಆತ್ಮಕಥೆ ಬರೆದಿದ್ದ, ಅದು ಕಳೆದುಹೋಗಿದೆ. ಆ ಖಾಲಿ ಜಾಗವನ್ನು ಗ್ರೇವ್ಸ್ ತುಂಬಿದ. 1976ರ ಬಿಬಿಸಿ ಧಾರಾವಾಹಿಯಲ್ಲಿ ಡೆರೆಕ್ ಜಾಕೋಬಿ ಈ ಪಾತ್ರ ಮಾಡಿದ್ದಾರೆ, ಹುಡುಕಿ ನೋಡಿ.

ಸಿನಿಮಾ ಹೇಳದ ಕ್ಲೈಮ್ಯಾಕ್ಸ್

'ಗ್ಲಾಡಿಯೇಟರ್' (2000) ನಮ್ಮಲ್ಲಿ ಹೆಚ್ಚಿನವರು ನೋಡಿರೋ ಸಿನಿಮಾ. ಅದರಲ್ಲಿ ಕೆಟ್ಟ ಚಕ್ರವರ್ತಿ ಕೊಮೊಡಸ್ ಅಖಾಡದಲ್ಲಿ ಸಾಯುತ್ತಾನೆ, ರೋಮ್‌ಗೆ ಒಳ್ಳೆಯ ದಿನ ಬರುವ ಆಸೆ ಮೂಡುತ್ತೆ. ನಾಯಕ ಮ್ಯಾಕ್ಸಿಮಸ್ ಕಾಲ್ಪನಿಕ. ಕೊಮೊಡಸ್ ಅಖಾಡಕ್ಕಿಳಿದು ಕಾದಾಡುತ್ತಿದ್ದದ್ದು ನಿಜ. ಆದರೆ ಅವನು ಸತ್ತದ್ದು 192ರ ಕೊನೆಯ ದಿನ, ಆಪ್ತರೇ ಹೂಡಿದ ಸಂಚಿನಲ್ಲಿ. ವಿಷ ಕೆಲಸ ಮಾಡದಿದ್ದಾಗ ನಾರ್ಸಿಸಸ್ ಎಂಬ ಕುಸ್ತಿಪಟು ಕತ್ತು ಹಿಸುಕಿದ.

ಆಮೇಲೆ ಬಂದ ಪರ್ಟಿನ್ಯಾಕ್ಸ್ ಮೂರು ತಿಂಗಳೂ ಬಾಳಲಿಲ್ಲ. ಕಾವಲುಪಡೆ ಅವನನ್ನು ಕೊಂದು ಸಾಮ್ರಾಜ್ಯವನ್ನೇ ಹರಾಜಿಗಿಟ್ಟಿತು! ಹೆಚ್ಚು ಕೂಗಿದ ಡಿಡಿಯಸ್ ಜೂಲಿಯಾನಸ್ ಪಟ್ಟಕ್ಕೇರಿದ, ಸುಮಾರು ಎರಡು ತಿಂಗಳಲ್ಲಿ ಅವನೂ ಹೆಣವಾದ. ಖಳನಾಯಕ ಸತ್ತರೆ ಕಥೆ ಮುಗೀತು ಅನ್ನೋದು ಸಿನಿಮಾದ ಅನುಕೂಲ. ಬ್ರೂಟಸ್‌ನನ್ನು ಸೀಸರ್ ಮಾಡಲು ಹೊರಟವನ ಬಾಯಲ್ಲಿ ಶೇಕ್ಸ್‌ಪಿಯರ್ ಹೇಳಿಸಿದ್ದೇ ಹೆಚ್ಚು ನಿಜ.

ಹಾಗಾದರೆ ಎಲ್ಲರೂ ಚಪ್ಪಾಳೆ ತಟ್ಟಿದರಾ? ಒಬ್ಬ ತಟ್ಟಲಿಲ್ಲ. ನೀರೋ ಗ್ರೀಸ್ ಪ್ರವಾಸದಲ್ಲಿ ಹಾಡುವಾಗ ವೆಸ್ಪೇಸಿಯನ್ ಎಂಬ ಸೇನಾಧಿಕಾರಿ ನಿದ್ದೆ ಹೋಗಿಬಿಡ್ತಿದ್ದ, ಇಲ್ಲಾಂದ್ರೆ ಎದ್ದು ಹೊರಗೆ ಹೋಗ್ತಿದ್ದ. ಆಸ್ಥಾನದಿಂದ ಅವನನ್ನು ದೂರ ಇಟ್ಟರು. ಕ್ರಿ.ಶ. 69ರಲ್ಲಿ ಅವನೇ ಚಕ್ರವರ್ತಿಯಾದ. ನೀರೋ ತನ್ನ ಅರಮನೆಗಾಗಿ ಮಾಡಿಸಿಕೊಂಡಿದ್ದ ಕೆರೆಯ ಜಾಗದಲ್ಲಿ ಜನರಿಗಾಗಿ ಕೊಲೊಸಿಯಮ್ ಕಟ್ಟಿಸಲು ಶುರು ಮಾಡಿದ. ನಿದ್ದೆ ಮಾಡೋದು ದೊಡ್ಡ ಶೌರ್ಯ ಅಂತ ನಾನೇನೂ ಹೇಳಲ್ಲ. ಆದರೆ ಮುಂದಿನ ಸಲ ರೋಮ್‌ನ ಸಿನಿಮಾ ನೋಡುವಾಗ ಚಕ್ರವರ್ತಿಯನ್ನು ಬಿಟ್ಟು ಹಿಂದೆ ನಿಂತವರ ಮುಖ ನೋಡಿ. ಯಾರು ತಟ್ಟುತ್ತಿದ್ದಾರೆ, ಯಾರ ಕೈ ಸುಮ್ಮನಿದೆ ಅಂತ.