ಹಳೆಯ ವಿದ್ಯುತ್ ಗಿಟಾರನ್ನು ಕೊಳ್ಳುವ ಮುನ್ನ

೨೦೧೯ನೆಯ ಇಸವಿ ಜೂನ್ ೨೦ರಂದು ನ್ಯೂಯಾರ್ಕ್ ನಗರದ ಕ್ರಿಸ್ಟೀಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಎರಡು ಗಿಟಾರುಗಳು ಎಲ್ಲರ ಕಣ್ಣನ್ನೂ ಸೆಳೆದುವು. ಎರಡೂ ಅಮೆರಿಕದ ಫೆಂಡರ್ ಕಂಪನಿಯ ‘ಸ್ಟ್ರಾಟೊಕ್ಯಾಸ್ಟರ್’ ಮಾದರಿಯವು. ಎರಡೂ ‘ಪಿಂಕ್ ಫ್ಲಾಯ್ಡ್’ ತಂಡದ ವಾದಕ ಡೇವಿಡ್ ಗಿಲ್ಮೋರರ ಸ್ವತ್ತು. ಒಂದು ೧೯೫೪ರಲ್ಲಿ ತಯಾರಾದುದು. ಅದರ ಕ್ರಮಸಂಖ್ಯೆ ೦೦೦೧. ಅದಕ್ಕೆ ೧೮ ಲಕ್ಷ ೧೫ ಸಾವಿರ ಡಾಲರು ಬೆಲೆ ಬಂದಿತು. ಇನ್ನೊಂದು ಕಪ್ಪು ಬಣ್ಣದ್ದು. ಅದರ ಭಾಗಗಳನ್ನು ವರ್ಷವರ್ಷಗಳಲ್ಲಿ ಹಲವು ಸಲ ಬದಲಿಸಲಾಗಿತ್ತು. ಅದಕ್ಕೆ ಬಂದ ಬೆಲೆ ೩೯ ಲಕ್ಷ ೭೫ ಸಾವಿರ ಡಾಲರು!

ಇಲ್ಲೊಂದು ಸೋಜಿಗವಿದೆ. ೦೦೦೧ ಎಂಬ ಸಂಖ್ಯೆಯಿದ್ದರೂ ಅದು ತಯಾರಾದ ಮೊಟ್ಟಮೊದಲ ಸ್ಟ್ರಾಟೊಕ್ಯಾಸ್ಟರ್ ಅಲ್ಲ; ಅದಕ್ಕೂ ಮುಂಚೆಯೇ ಹಲವು ತಯಾರಾಗಿದ್ದುವು. ಹೆಚ್ಚು ಬೆಲೆ ಪಡೆದ ಕಪ್ಪು ಗಿಟಾರಾದರೋ ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದಂತೆ ಉಳಿದೇ ಇರಲಿಲ್ಲ. ಹಾಗಾದರೆ ‘ಹಳೆಯದು’, ‘ಅಸಲು’ ಎಂಬ ಮಾತುಗಳಿಗೆ ಅರ್ಥವೇನು?

ಹೆಸರಾಂತ ಕಲಾವಿದರ ಕೈಯಲ್ಲಿ ನುಡಿದ ವಾದ್ಯಗಳ ಮಾತು ಬೇರೆ. ಅಲ್ಲಿ ಕೊಳ್ಳುವವನು ಬೆಲೆ ತೆರುವುದು ವಾದ್ಯಕ್ಕಲ್ಲ, ಅದರ ಚರಿತ್ರೆಗೆ. ಆದರೆ ಯಾರೋ ಒಬ್ಬ ಅಜ್ಞಾತ ವಾದಕನ ಮನೆಯಿಂದ ಬಂದ ಗಿಟಾರೊಂದನ್ನು ಮುಂದಿಟ್ಟು, “ಇದು ೧೯೬೩ರದು, ಏನೂ ಬದಲಾಗಿಲ್ಲ” ಎಂದು ಮಾರುವವನು ಹೇಳಿದರೆ ಏನು ಮಾಡಬೇಕು? ಅಂಥ ವಾದ್ಯಕ್ಕೆ ಇಂದು ಹತ್ತಾರು ಸಾವಿರ ಡಾಲರುಗಳ ಬೆಲೆಯುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ. ಇಂಥಲ್ಲಿ ಮಾರುವವನ ಮಾತಿಗಿಂತ ವಾದ್ಯದ ಮಾತನ್ನೇ ಕೇಳುವುದು ಲೇಸು. ವಾದ್ಯ ಮಾತನಾಡುವ ಬಗೆಯನ್ನು ಈಗ ನೋಡೋಣ.

ಪೊಳ್ಳಿಲ್ಲದ ಒಡಲು

ನಮ್ಮ ವೀಣೆಯ ಕೊಡ ಪೊಳ್ಳಾಗಿರುವುದು ಸುಮ್ಮನೆ ಅಲ್ಲ. ಸಣ್ಣ ತಂತಿಯೊಂದು ತಾನಾಗಿಯೇ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದರ ಕಂಪನ ಕುದುರೆಯ ಮೂಲಕ ಕೊಡಕ್ಕೆ ಇಳಿದು, ಕೊಡದ ಅಗಲವಾದ ಮೈ ಅದನ್ನು ಗಾಳಿಗೆ ಮುಟ್ಟಿಸುತ್ತದೆ. ಸಾಧಾರಣ ಗಿಟಾರಿನ ಪೊಳ್ಳು ಪೆಟ್ಟಿಗೆಯದೂ ಇದೇ ಕೆಲಸ.

ವಿದ್ಯುತ್ ಗಿಟಾರಿನಲ್ಲಿ ದಾರಿಯೇ ಬೇರೆ. ೧೮೩೧ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಅದರ ಜೀವಾಳ. ಉಕ್ಕಿನ ತಂತಿಗಳ ಕೆಳಗೆ ಚಿಕ್ಕ ಅಯಸ್ಕಾಂತಗಳಿರುತ್ತವೆ. ಅವುಗಳ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತುಗಳ ಸುರುಳಿ. ಇದಕ್ಕೆ ‘ಪಿಕಪ್’ ಎಂದು ಹೆಸರು. ಮೇಲಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಹೆಚ್ಚುಕಡಮೆಯಾಗಿ, ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ಹಿಗ್ಗಿಸಿ ನಮ್ಮ ಕಿವಿಗೆ ತಲುಪಿಸುತ್ತದೆ.

ಹೀಗಿರುವಾಗ ಪೊಳ್ಳು ಪೆಟ್ಟಿಗೆ ಬೇಕಿಲ್ಲ. ಅಷ್ಟೇ ಅಲ್ಲ, ಅದರಿಂದ ಕೇಡೂ ಉಂಟು. ಧ್ವನಿವರ್ಧಕದ ಸದ್ದು ಪೆಟ್ಟಿಗೆಯನ್ನು ನಡುಗಿಸಿ, ಪೆಟ್ಟಿಗೆ ತಂತಿಯನ್ನು ನಡುಗಿಸಿ, ಆ ಕಂಪನ ಮತ್ತೆ ಧ್ವನಿವರ್ಧಕಕ್ಕೆ ಹೋಗಿ ವಾದ್ಯ ಊಳಿಡತೊಡಗುತ್ತದೆ. ಇದರ ಪರಿಹಾರಕ್ಕೆ ಹಲವರು ಗಟ್ಟಿ ಮರದ ಒಡಲನ್ನು ಪ್ರಯೋಗಿಸಿದರು. ಕ್ಯಾಲಿಫೋರ್ನಿಯದ ಫುಲ್ಲರ್ಟನ್ನಿನಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೊ ಫೆಂಡರ್ ೧೯೫೦ರಲ್ಲಿ ಅಂಥ ಗಿಟಾರನ್ನು ಮಾರುಕಟ್ಟೆಗೆ ತಂದ. ೧೯೫೨ರಲ್ಲಿ ಗಿಬ್ಸನ್ ಕಂಪನಿಯ ‘ಲೆಸ್ ಪಾಲ್’, ೧೯೫೪ರಲ್ಲಿ ಫೆಂಡರನದೇ ಸ್ಟ್ರಾಟೊಕ್ಯಾಸ್ಟರ್ ಬಂದುವು.

ಫೆಂಡರನದು ದುರಸ್ತಿಗಾರನ ಬುದ್ಧಿ. ಆತ ದಂಡಿಯನ್ನು ಒಡಲಿಗೆ ಅಂಟಿಸಲಿಲ್ಲ. ನಾಲ್ಕು ತಿರುಪುಮೊಳೆಗಳಿಂದ ಬಿಗಿದ. ಕೆಟ್ಟ ಭಾಗವನ್ನು ಕಳಚಿ ಹೊಸದನ್ನು ಕೂಡಿಸುವುದು ನಿಮಿಷಗಳ ಕೆಲಸವಾಯಿತು. ಅಂದಿನ ಈ ಅನುಕೂಲವೇ ಇಂದಿನ ತೊಡಕು. ಒಂದು ವರ್ಷದ ದಂಡಿ, ಇನ್ನೊಂದು ವರ್ಷದ ಒಡಲು, ಮತ್ತೊಂದು ವರ್ಷದ ಪಿಕಪ್ಪು ಇವೆಲ್ಲ ಒಂದೇ ಗಿಟಾರಿನಲ್ಲಿ ಸೇರಿರಬಹುದು.

ಕಾಲವನ್ನು ಹೇಳುವ ಸಾಕ್ಷಿಗಳು

ನ್ಯಾಯಾಲಯದಲ್ಲಿ ಒಬ್ಬನೇ ಸಾಕ್ಷಿಯ ಮಾತನ್ನು ನೆಚ್ಚಿ ತೀರ್ಪು ಕೊಡಲು ನ್ಯಾಯಾಧೀಶರು ಹಿಂಜರಿಯುವರು. ಪರಸ್ಪರ ಸಂಬಂಧವಿಲ್ಲದ ಹಲವರು ಒಂದೇ ಮಾತನ್ನು ಹೇಳಿದರೆ ನಂಬಿಕೆ ಬಲಿಯುತ್ತದೆ. ಗಿಟಾರಿನ ಪರೀಕ್ಷೆಯೂ ಹೀಗೆಯೇ.

ಮೊದಲನೆಯ ಸಾಕ್ಷಿ ಕ್ರಮಸಂಖ್ಯೆ. ೧೯೬೦ರ ಸುಮಾರಿನ ಸ್ಟ್ರಾಟೊಕ್ಯಾಸ್ಟರಿನಲ್ಲಿ ಅದು ದಂಡಿ ಒಡಲನ್ನು ಸೇರುವ ಕಡೆ, ಹಿಂಬದಿಯ ಲೋಹದ ತಗಡಿನ ಮೇಲೆ ಇರುತ್ತದೆ. ಎಲ್ಲರೂ ನೋಡುವುದು ಇದನ್ನೇ. ಆದರೆ ಸಾಕ್ಷಿಗಳಲ್ಲಿ ಇದೇ ದುರ್ಬಲ. ಕಾರ್ಖಾನೆಯಲ್ಲಿ ತಗಡುಗಳನ್ನು ಸಂಖ್ಯೆಯ ಅನುಕ್ರಮದಲ್ಲೇ ಬಳಸುತ್ತಿರಲಿಲ್ಲ. ಮೇಲಾಗಿ ನಾಲ್ಕು ತಿರುಪು ಬಿಚ್ಚಿದರೆ ತಗಡನ್ನೇ ಬದಲಿಸಬಹುದು.

ಎರಡನೆಯದು ದಂಡಿಯ ಬುಡ. ದಂಡಿಯನ್ನು ಕಳಚಿದರೆ, ಒಡಲಿನೊಳಗೆ ಹುದುಗಿದ್ದ ತುದಿಯಲ್ಲಿ ಅದನ್ನು ತಯಾರಿಸಿದ ಕಾಲವನ್ನು ಪೆನ್ಸಿಲಿನಿಂದ ಬರೆದಿರುವುದೋ ಮುದ್ರೆ ಒತ್ತಿರುವುದೋ ಅನೇಕ ವೇಳೆ ಕಾಣುತ್ತದೆ. ಇದು ದಂಡಿಯ ಕಾಲ ಮಾತ್ರ, ಇಡೀ ಗಿಟಾರಿನದಲ್ಲ.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯವಾದುದು. ದನಿಯನ್ನು ಏರಿಸಿ ಇಳಿಸುವ ಗುಂಡಿಗಳ ಕೆಳಗೆ ಪೊಟೆನ್ಷಿಯೋಮೀಟರ್ ಎಂಬ ಉಪಕರಣವಿರುತ್ತದೆ. ಫೆಂಡರ್ ಕಂಪನಿ ಇವನ್ನು ಬೇರೆ ತಯಾರಕರಿಂದ ಕೊಳ್ಳುತ್ತಿತ್ತು. ಅವರು ಪ್ರತಿಯೊಂದರ ಮೇಲೂ ಸಂಕೇತವೊಂದನ್ನು ಮುದ್ರಿಸುತ್ತಿದ್ದರು. ೩೦೪೬೩೨೦ ಎಂಬ ಅಂಕಿಗಳನ್ನು ತೆಗೆದುಕೊಳ್ಳೋಣ. ಮೊದಲಿನ ೩೦೪ ಎಂಬುದು ಸ್ಟ್ಯಾಕ್‌ಪೋಲ್ ಕಂಪನಿಯ ಗುರುತು; ನಡುವಿನ ೬೩ ಎಂದರೆ ೧೯೬೩; ಕೊನೆಯ ೨೦ ಎಂದರೆ ಆ ವರ್ಷದ ಇಪ್ಪತ್ತನೆಯ ವಾರ, ಅಂದರೆ ಮೇ ತಿಂಗಳ ನಡುಭಾಗ. ೧೯೫೦ರ ದಶಕದ ಸಂಕೇತಗಳಲ್ಲಿ ವರ್ಷಕ್ಕೆ ಒಂದೇ ಅಂಕಿ ಇರುವುದುಂಟು.

ಇದರಿಂದ ಏನನ್ನು ತೀರ್ಮಾನಿಸಬಹುದು? ಗಿಟಾರು ಮೇ ತಿಂಗಳಲ್ಲೇ ತಯಾರಾಯಿತೆಂದಲ್ಲ. ಈ ಭಾಗ ಮೂಲದ್ದೇ ಆಗಿದ್ದರೆ ಅದಕ್ಕಿಂತ ಮುಂಚೆ ತಯಾರಾಗಿರಲಾರದು ಎಂದಷ್ಟೆ. ಈ ಭೇದವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನಗಾಣಬೇಕು. ಫೆಂಡರ್ ಕಂಪನಿಯವರು ೧೯೬೬ರಲ್ಲಿ ತಯಾರಾದ ಪೊಟೆನ್ಷಿಯೋಮೀಟರುಗಳನ್ನು ರಾಶಿಯಾಗಿ ಕೊಂಡು ಮುಂದಿನ ಕೆಲವು ವರ್ಷಗಳವರೆಗೂ ಬಳಸಿದರು. ಆದುದರಿಂದ ೧೯೬೬ರ ಸಂಕೇತವಿರುವ ಗಿಟಾರು ೧೯೬೮ರದೂ ಆಗಿರಬಹುದು. ಆದರೆ ೧೯೬೩ರದೆಂದು ಹೇಳುವ ಗಿಟಾರಿನಲ್ಲಿ ೬೬ ಕಂಡರೆ, ಒಂದೋ ಆ ಭಾಗವನ್ನು ಬದಲಿಸಿದ್ದಾರೆ, ಇಲ್ಲವೇ ಹೇಳಿದ ವರ್ಷ ಸುಳ್ಳು.

ಇವೆರಡರಲ್ಲಿ ಯಾವುದು ನಿಜ? ಇಲ್ಲಿ ನಾಲ್ಕನೆಯ ಸಾಕ್ಷಿಯಾದ ಬೆಸುಗೆ ನೆರವಿಗೆ ಬರುತ್ತದೆ. ಕಾರ್ಖಾನೆಯ ಬೆಸುಗೆ ದಶಕಗಳ ಬಳಿಕ ಕಾಂತಿಗುಂದಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಅಕ್ಕಪಕ್ಕದ ಬೆಸುಗೆಗಳು ಹೀಗಿರಲು ಒಂದು ಮಾತ್ರ ಹೊಳೆಯುತ್ತಿದ್ದರೆ, ಅಥವಾ ತಂತಿಯ ಹೊದಿಕೆ ಸುಟ್ಟು ಸುಕ್ಕಾಗಿದ್ದರೆ, ಆ ಜಾಗಕ್ಕೆ ಕೈ ಹೋಗಿದೆ ಎಂದು ತಿಳಿಯಬೇಕು.

ಐದನೆಯದು ಮೈಬಣ್ಣ. ಆ ಕಾಲದ ಗಿಟಾರುಗಳಿಗೆ ಹೆಚ್ಚಾಗಿ ಹಚ್ಚುತ್ತಿದ್ದುದು ನೈಟ್ರೋಸೆಲ್ಯುಲೋಸಿನ ಮೆರುಗೆಣ್ಣೆ. ಇದು ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಮರವೂ ಮೆರುಗೂ ಬಿಸಿಲು ಚಳಿಗಳಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಕೂದಲೆಳೆಯಂಥ ಬಿರುಕುಗಳೂ ಮೂಡುತ್ತವೆ. ಕತ್ತಲೆಯ ಕೋಣೆಯಲ್ಲಿ ಅತಿನೇರಳೆ ದೀಪವನ್ನು ಹಿಡಿದರೆ ಹಳೆಯ ಮೆರುಗು ಹಸುರುಹಳದಿಯಾಗಿ ಹೊಳೆಯುವುದು; ಆಮೇಲೆ ಬಳಿದ ತೇಪೆ ಹಾಗೆ ಹೊಳೆಯದೆ ಬೇರೆಯಾಗಿ ಕಾಣುವುದು. ಹಗಲಿನಲ್ಲಿ ಒಂದೇ ಬಗೆಯಾಗಿ ಕಂಡ ಮೈ ಈ ಬೆಳಕಿನಲ್ಲಿ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ.

ಸವೆತವನ್ನು ಮಾತ್ರ ಬೇಗನೆ ನಂಬಬಾರದು. ಸವೆದಂತೆ ತೋರುವ ಹೊಸ ಗಿಟಾರುಗಳನ್ನು ಫೆಂಡರ್ ಕಂಪನಿಯೇ ೧೯೯೫ರಿಂದ ಬಹಿರಂಗವಾಗಿ ಮಾರುತ್ತಿದೆ. ನಿಜವಾದ ಸವೆತಕ್ಕೆ ಕಾರಣವಿರುತ್ತದೆ: ಮೊಳಕೈ ಒರಗುವ ಅಂಚು, ಬೆರಳು ಉಜ್ಜುವ ಮರ, ಬೆಲ್ಟಿನ ಕೊಂಡಿ ತಗಲುವ ಹಿಂಬದಿ. ಯಾರ ಮೈಯೂ ಕೈಯೂ ಮುಟ್ಟದ ಕಡೆಯಲ್ಲಿ ಬಣ್ಣ ಸವೆದಿದ್ದರೆ ಅದು ಅನುಮಾನಕ್ಕೆ ಎಡೆ.

ಅಳತೆಗೋಲು ಮತ್ತು ಮಾಪಕ

ವಾದ್ಯ ಅಸಲಾದರೂ ನುಡಿಸಲು ಬರದಿದ್ದರೆ ಅದು ಗೋಡೆಯ ಅಲಂಕಾರವಷ್ಟೆ. ಇದನ್ನು ತಿಳಿಯಲು ಮೂರು ಸುಲಭ ಪರೀಕ್ಷೆಗಳಿವೆ.

ಒಂದು, ದಂಡಿಯ ನೇರ. ಆರು ತಂತಿಗಳು ಕೂಡಿ ದಂಡಿಯನ್ನು ಎಳೆಯುವ ಬಲ ಸುಮಾರು ೪೫ ಕಿಲೋಗ್ರಾಂ ತೂಕದಷ್ಟು. ಒಂದು ಸಿಮೆಂಟ್ ಮೂಟೆಗೆ ಸ್ವಲ್ಪವೇ ಕಡಮೆ. ಅರುವತ್ತು ವರ್ಷ ಈ ಎಳೆತವನ್ನು ತಾಳಿದ ಮರ ಬಾಗಿರಬಹುದು, ತಿರುಚಿಕೊಂಡಿರಲೂಬಹುದು. ಒಂದು ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿಯೂ ಕೊನೆಯ ಮೆಟ್ಟಿಲಿನಲ್ಲಿಯೂ ಏಕಕಾಲದಲ್ಲಿ ಒತ್ತಿ ಹಿಡಿಯಿರಿ. ಬಿಗಿದ ತಂತಿ ಸರಳರೇಖೆಯಾಗುವುದರಿಂದ ಅದೇ ನಿಮ್ಮ ಅಳತೆಗೋಲು. ಏಳೆಂಟನೆಯ ಮೆಟ್ಟಿಲಿನ ಬಳಿ ತಂತಿಯ ಕೆಳಗೆ ಎರಡು ಮೂರು ಹಾಳೆ ಕಾಗದದಷ್ಟು ಸಂದು ಇದ್ದರೆ ಸರಿ. ಹೆಚ್ಚಾಗಿದ್ದರೆ ದಂಡಿಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ತಿದ್ದಬಹುದು. ಆ ಸರಳು ತಿರುಗದಿದ್ದರೆ, ಅಥವಾ ದಂಡಿ ತಿರುಚಿಕೊಂಡಿದ್ದರೆ, ದುರಸ್ತಿಯ ವೆಚ್ಚ ದೊಡ್ಡದು.

ಎರಡು, ಸ್ವರಶುದ್ಧಿ. ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂಡಿಸಿರುವುದರಿಂದ ಬೇಕಾದಾಗ ಸರಿಸಬಹುದು. ಗಿಟಾರಿನ ಮೆಟ್ಟಿಲುಗಳನ್ನು ಮರಕ್ಕೆ ಬಡಿದು ಕೂಡಿಸಿರುತ್ತಾರೆ. ಅವುಗಳ ಸ್ಥಾನ ಶಾಶ್ವತ. ಒಂದೊಂದು ಮೆಟ್ಟಿಲೇರಿದಂತೆ ಆವರ್ತಾಂಕ ಸುಮಾರು ೧.೦೫೯೫ ಪಟ್ಟು ಹೆಚ್ಚುತ್ತದೆ. ಹನ್ನೆರಡನೆಯದರಲ್ಲಿ ಸರಿಯಾಗಿ ಎರಡು ಪಟ್ಟಾಗುತ್ತದೆ. ಸ್ಟ್ರಾಟೊಕ್ಯಾಸ್ಟರಿನ ತಂತಿಯ ಲೆಕ್ಕದ ಉದ್ದ ೬೪೭.೭ ಮಿಲಿಮೀಟರ್; ಹನ್ನೆರಡನೆಯ ಮೆಟ್ಟಿಲು ಇರಬೇಕಾದುದು ಅದರ ಅರ್ಧಕ್ಕೆ, ಎಂದರೆ ೩೨೩.೮೫ ಮಿಲಿಮೀಟರಿಗೆ. ಅಲ್ಲಿ ತಂತಿಯನ್ನು ಒತ್ತದೆ ಸುಮ್ಮನೆ ಸೋಕಿಸಿ ಮೀಟಿದಾಗ ಬರುವ ಸ್ವರವನ್ನೂ, ಒತ್ತಿ ಮೀಟಿದಾಗ ಬರುವ ಸ್ವರವನ್ನೂ ಹೋಲಿಸಿರಿ. ಎರಡೂ ಒಂದಾಗಬೇಕು. ಅಲ್ಪ ವ್ಯತ್ಯಾಸವಿದ್ದರೆ ಕುದುರೆಯನ್ನು ಹಿಂದುಮುಂದು ಸರಿಸಿ ಸರಿಪಡಿಸಬಹುದು.

ಮೂರು, ಪಿಕಪ್ಪಿನ ಆರೋಗ್ಯ. ಮಲ್ಟಿಮೀಟರಿನಿಂದ ಸುರುಳಿಯ ನಿರೋಧವನ್ನು ಅಳೆಯಿರಿ. ಆ ಕಾಲದ ಸ್ಟ್ರಾಟೊಕ್ಯಾಸ್ಟರುಗಳಲ್ಲಿ ಅದು ಸಾಮಾನ್ಯವಾಗಿ ೫,೫೦೦ರಿಂದ ೬,೫೦೦ ಓಮ್ ಇರುತ್ತದೆ. ಮಾಪಕ ಅನಂತವನ್ನು ತೋರಿದರೆ ಸುರುಳಿ ಎಲ್ಲೋ ಕಡಿದಿದೆ. ಆದರೆ ನೂರಿನ್ನೂರು ಓಮ್‌ಗಳ ವ್ಯತ್ಯಾಸಕ್ಕೆ ಬೆರಗಾಗಬೇಕಿಲ್ಲ. ತಾಮ್ರದ ನಿರೋಧ ಪ್ರತಿ ಡಿಗ್ರಿ ಸೆಂಟಿಗ್ರೇಡಿಗೆ ನೂರಕ್ಕೆ ಸುಮಾರು ೦.೩೯ರಂತೆ ಏರುವುದರಿಂದ, ೨೦ ಡಿಗ್ರಿಯಲ್ಲಿ ೬,೦೦೦ ಓಮ್ ಇದ್ದ ಸುರುಳಿ ೩೦ ಡಿಗ್ರಿಯಲ್ಲಿ ಸುಮಾರು ೬,೨೩೦ ಓಮ್ ತೋರುತ್ತದೆ!

ಈ ಪಿಕಪ್ಪುಗಳು ಗುಂಯ್‌ಗುಡುವುದು ದೋಷವಲ್ಲ. ಒಂಟಿ ಸುರುಳಿ ತನ್ನ ತಂತಿಗಳ ಕಂಪನವನ್ನಲ್ಲದೆ ಸುತ್ತಲಿನ ವಿದ್ಯುತ್ ತಂತಿಗಳ ಕಾಂತಕ್ಷೇತ್ರವನ್ನೂ ಗ್ರಹಿಸುತ್ತದೆ. ಇದನ್ನು ನೀಗಿಸಲೆಂದೇ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳ ಪಿಕಪ್ಪನ್ನು ರಚಿಸಿದ. ೧೯೫೭ರಿಂದ ಅದು ಲೆಸ್ ಪಾಲ್ ಗಿಟಾರುಗಳಲ್ಲಿ ಬಂದಿತು.

ಹಳೆಯದರ ದನಿಯೇ ಮೇಲೆ?

ಹಳೆಯ ವಾದ್ಯದ ದನಿಗೆ ಸಾಟಿಯಿಲ್ಲವೆಂದು ಹಲವರು ಹೇಳುತ್ತಾರೆ. ಈ ಮಾತನ್ನು ಪರೀಕ್ಷಿಸದೆ ಒಪ್ಪಬಾರದು. ೨೦೧೦ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ೨೧ ಮಂದಿ ಪಿಟೀಲು ವಾದಕರ ಕಣ್ಣಿಗೆ ಏನೂ ಕಾಣದಂತೆ ಕನ್ನಡಕ ಹಾಕಿಸಿ ಆರು ಪಿಟೀಲುಗಳನ್ನು ನುಡಿಸಲು ಕೊಟ್ಟರು. ಮೂರು ಹೊಸವು, ಮೂರು ಹಳೆಯವು, ಅವುಗಳಲ್ಲಿ ಎರಡು ಜಗತ್ಪ್ರಸಿದ್ಧ ಸ್ಟ್ರಾಡಿವರಿಯ ಕೈಕೆಲಸ. ಹೆಚ್ಚು ಮಂದಿಯ ಮನಸ್ಸಿಗೆ ಬಂದುದು ಹೊಸದೊಂದು ಪಿಟೀಲು. ಎಲ್ಲಕ್ಕಿಂತ ಕಡಮೆ ಮೆಚ್ಚುಗೆ ಪಡೆದುದು ಒಂದು ಸ್ಟ್ರಾಡಿವರಿ! ಪಿಟೀಲಿನ ಫಲಿತಾಂಶ ಗಿಟಾರಿಗೆ ಹಾಗೆಯೇ ಸಲ್ಲಲಾರದು. ಆದರೆ ಪರೀಕ್ಷೆಯ ಕ್ರಮ ಸಲ್ಲುತ್ತದೆ. ಮಿತ್ರನೊಬ್ಬನು ಪರದೆಯ ಹಿಂದೆ ಹಳೆಯದನ್ನೂ ಹೊಸದನ್ನೂ ಒಂದೇ ಧ್ವನಿವರ್ಧಕದಲ್ಲಿ ನುಡಿಸಲಿ. ಯಾವುದು ಯಾವುದೆಂದು ಹೇಳಲಾರದೆ ಹೋದರೆ, ಹೆಚ್ಚಿನ ಹಣ ತೆರುವುದು ದನಿಗಲ್ಲ ಎಂಬುದನ್ನಾದರೂ ತಿಳಿದುಕೊಂಡು ತೆರಬಹುದು.

ಬೆಲೆ ಮತ್ತು ಹೊಣೆ

ಭಾಗ ಬದಲಾದ ಗಿಟಾರೆಲ್ಲ ಮೋಸದ ಗಿಟಾರಲ್ಲ. ನುಡಿಸಿದ ವಾದ್ಯದ ಮೆಟ್ಟಿಲುಗಳು ಸವೆಯಲೇಬೇಕು. ಹೊಸದನ್ನು ಹಾಕಿಸಿದುದು ತಪ್ಪಲ್ಲ. ಮಾರುವವನು ಬದಲಾವಣೆಗಳನ್ನು ತಾನಾಗಿಯೇ ಹೇಳಿ, ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿದರೆ ಅದು ನ್ಯಾಯವಾದ ವ್ಯಾಪಾರ. ಒಡಲಿಗೆ ಮರುಬಣ್ಣ ಹಚ್ಚಿದ್ದರೆ ಬೆಲೆ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುವುದೆಂಬುದು ವ್ಯಾಪಾರಿಗಳ ಸ್ಥೂಲ ಲೆಕ್ಕ. ಒಳಗನ್ನು ಬಿಚ್ಚಿ ನೋಡಲು ಒಪ್ಪದವನಿಂದ ಮಾತ್ರ ಕೊಳ್ಳದಿರುವುದೇ ಕ್ಷೇಮ.

ಕಾನೂನಿನ ಮಾತೂ ಒಂದಿದೆ. ೧೯೫೯ರಿಂದ ಸ್ಟ್ರಾಟೊಕ್ಯಾಸ್ಟರಿನ ಬೆರಳುಹಲಗೆಗೆ ಬ್ರೆಜಿಲ್ ದೇಶದ ರೋಸ್‌ವುಡ್ ಮರವನ್ನು ಬಳಸತೊಡಗಿದರು. ಆ ಮರ ಅಳಿವಿನಂಚಿಗೆ ಬಂದುದರಿಂದ ೧೯೯೨ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಕಟ್ಟುನಿಟ್ಟಾದ ಪಟ್ಟಿಗೆ ಸೇರಿತು. ಆ ಮರದ ಹಲಗೆಯಿರುವ ಗಿಟಾರನ್ನು ಮಾರಾಟಕ್ಕಾಗಿ ಒಂದು ದೇಶದಿಂದ ಇನ್ನೊಂದಕ್ಕೆ ತರಲು ಅನುಮತಿಪತ್ರ ಬೇಕು. ಬ್ರೆಜಿಲಿನ ಮರ ದುರ್ಲಭವಾದ ಮೇಲೆ ಗಿಟಾರು ತಯಾರಕರು ಮೊರೆಹೊಕ್ಕುದು ಭಾರತದ ರೋಸ್‌ವುಡ್ಡಿಗೆ. ಅದು ನಮ್ಮ ಮಲೆನಾಡಿನವರು ಬಲ್ಲ ಬೀಟೆಯೇ.

ಕೊನೆಗೆ ಮುಖ್ಯವಾದ ಮಾತು. ೧೯೭೦ರ ದಶಕದಲ್ಲಿ ಅನೇಕರು ಇಂಥ ಗಿಟಾರುಗಳ ಬಣ್ಣವನ್ನು ಕೆರೆದು ಮರದ ಬಣ್ಣ ಕಾಣುವಂತೆ ಮಾಡಿದರು. ಅಂದಿಗೆ ಅದು ಸೊಗಸು. ಹಾಗೆ ಕೆರೆಯುವಾಗ ಹೋದುದು ಬಣ್ಣ ಮಾತ್ರವಲ್ಲ, ವಾದ್ಯದ ಸಾಕ್ಷ್ಯವೂ ಹೌದು. ಹಳೆಯ ಗಿಟಾರು ಕೈಗೆ ಬಂದರೆ ಅದನ್ನು ಹೊಸದಾಗಿ ಕಾಣಿಸಲು ಹೋಗದಿರಿ. ತೆಗೆದ ಪ್ರತಿಯೊಂದು ಭಾಗವನ್ನೂ, ಕೆಟ್ಟ ತಿರುಪುಮೊಳೆಯನ್ನು ಕೂಡ, ಚೀಟಿ ಬರೆದು ತೆಗೆದಿಡಿ.

ನಮ್ಮ ವಿದ್ಯಾರ್ಥಿಗಳಲ್ಲಿ ೧೯೬೩ರ ಸ್ಟ್ರಾಟೊಕ್ಯಾಸ್ಟರನ್ನು ಕೊಳ್ಳಬಲ್ಲವರು ವಿರಳ. ಆದರೆ ಊರಿನ ಅಂಗಡಿಯಲ್ಲಿ ಯಾರೋ ಬಳಸಿ ಬಿಟ್ಟ ಸಾಧಾರಣ ಗಿಟಾರನ್ನು ಕೊಳ್ಳಲು ಹೋದಾಗಲೂ ದಂಡಿಯ ನೇರ, ಹನ್ನೆರಡನೆಯ ಮೆಟ್ಟಿಲಿನ ಸ್ವರ, ಸುರುಳಿಯ ನಿರೋಧ ಇವುಗಳ ಪರೀಕ್ಷೆ ಇದೇ. ಒಂದು ಮಲ್ಟಿಮೀಟರನ್ನೂ ಎರಡು ಹಾಳೆ ಕಾಗದವನ್ನೂ ಜೊತೆಗೆ ಒಯ್ದರೆ ಸಾಕು.